ನಿನ್ನೆಯ ಗುಂಡು, ಇವತ್ತಿನ ಗುಂಡು

ನಮ್ಮೂರಲ್ಲಿ ಪ್ರತಿ ಸದ್ದೂ ಎರಡು ಸಲ ಕೇಳಿಸುತ್ತದೆ. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನೀವು ನನ್ನ ಅಂಗಡಿ ಮುಂದೆ ನಿಂತು ಕೆಮ್ಮಿದಿರಿ ಅನ್ನಿ, ನಾಳೆ ಎಂಟು ಗಂಟೆಗೆ ನೀವು ಯಾವ ಊರಲ್ಲಿದ್ದರೂ ನಿಮ್ಮ ಕೆಮ್ಮು ನನ್ನ ಅಂಗಡಿ ಮುಂದೆ ಕೇಳಿಸುತ್ತದೆ. ಅಲ್ಲಿಗೆ ಮುಗಿಯಿತು, ಮೂರನೇ ಸಲ ಇಲ್ಲ. ಹೊರಗಿನಿಂದ ಬಂದವರು ಬಾಯಿ ಬಿಡುತ್ತಾರೆ. ನಮಗೆ ಅದು ಹುಟ್ಟಿನಿಂದ ಬಂದದ್ದು. ಗಂಡ ಹೆಂಡತಿ ಜಗಳ ಆಡಬೇಕೆಂದರೆ ಊರ ಹೊರಗಿನ ಕಲ್ಲುಗಣಿಗೆ ಹೋಗುತ್ತಾರೆ. ಮದುವೆಯ ಮಾರನೇ ದಿನ ಎರಡೂ ಕಡೆಯ ಬೀಗರು ಖಾಲಿ ಚಪ್ಪರದಲ್ಲಿ ಕೂತು ನಿನ್ನೆಯ ವಾಲಗ ಕೇಳುತ್ತಾರೆ, ಜೊತೆಗೆ ಯಾರು ಯಾರ ಬೆನ್ನ ಹಿಂದೆ ಏನಂದರು ಅನ್ನುವುದನ್ನೂ ಕೇಳಿಸಿಕೊಂಡು ನಗುತ್ತಲೋ ಮುಖ ಊದಿಸಿಕೊಂಡೋ ಮನೆಗೆ ಹೋಗುತ್ತಾರೆ. ಯಾರಾದರೂ ತೀರಿಕೊಂಡರೆ ಮಾರನೇ ದಿನ ಮನೆಯವರೆಲ್ಲ ಬರಿದಾದ ಮಂಚದ ಸುತ್ತ ಕೂತು ಅವರ ಕೊನೆಯ ಮಾತನ್ನು ಇನ್ನೊಮ್ಮೆ ಕೇಳಿ, ಆಮೇಲೆ ಒಲೆ ಹಚ್ಚುತ್ತಾರೆ. ಹೀಗಾಗಿ ನಮ್ಮೂರ ಜನ ಏನನ್ನೂ ನೇರವಾಗಿ ಹೇಳುವುದಿಲ್ಲ. ನಾಳೆ ಕೇಳಿಸಿಕೊಳ್ಳುವವರು ಯಾರಿರುತ್ತಾರೋ ಯಾರಿಗೆ ಗೊತ್ತು.

ನಾನು ಬನಶಂಕರಿ, ಊರಿಗೆಲ್ಲ ಬನಕ್ಕ. ನಮ್ಮದು ಕಂಚಿನ ಕೆಲಸದ ಮನೆತನ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ನಾನೇ ನೋಡಿಕೊಂಡೆ. ಗಂಟೆ, ತಾಳ, ಜಾಗಟೆ, ಊಟದ ಬಟ್ಟಲು, ಯಾವುದನ್ನೇ ಆಗಲಿ ಬೆರಳಿನಲ್ಲಿ ಒಮ್ಮೆ ಬಾರಿಸಿ ಕೇಳಿದರೆ ಎಲ್ಲಿ ಒಡಕಿದೆ, ಎಲ್ಲಿ ತವರ ಕಮ್ಮಿ ಬಿದ್ದಿದೆ ಎಂದು ಹೇಳಬಲ್ಲೆ. ಇದು ಜಂಬವಲ್ಲ. ಮೂವತ್ತು ವರ್ಷ ಕಿವಿಯಿಂದ ಅನ್ನ ತಿಂದವಳು ಇಷ್ಟಾದರೂ ಹೇಳಿಕೊಳ್ಳಬಹುದು.

ಊರಿನ ನಡುವೆ ಹೊಳೆ, ಹೊಳೆಗೊಂದು ಕಲ್ಲಿನ ಸೇತುವೆ. ಆ ದಡಕ್ಕೂ ಈ ದಡಕ್ಕೂ ಏಳು ವರ್ಷ ಹೊಡೆದಾಟ ನಡೆಯಿತು. ಯಾಕೆ ಶುರುವಾಯಿತು ಎಂದು ಕೇಳಿದರೆ ಎರಡು ದಡದವರು ಎರಡು ಕಥೆ ಹೇಳುತ್ತಾರೆ, ನನಗೆ ಎರಡೂ ಬಾಯಿಪಾಠ. ಹೊಡೆದಾಟ ಸಾಕಾಗಿ ಹಿರಿಯರು ಒಪ್ಪಂದಕ್ಕೆ ಬಂದಾಗ ಅದನ್ನು ಕಾಯಲು ಶಾಂತಿಪಡೆ ಬಂತು. ಮೂವತ್ತಾರು ಜನ, ನೀಲಿ ಟೊಪ್ಪಿ, ಬಿಳಿ ಗಾಡಿಗಳು. ಒಬ್ಬೊಬ್ಬರದು ಒಂದೊಂದು ದೇಶ. ಸೇತುವೆಯ ಈ ತುದಿಯಲ್ಲಿ ಮರಳಿನ ಚೀಲ ಪೇರಿಸಿ ಚೌಕಿ ಕಟ್ಟಿದರು. ವಾರಕ್ಕೊಮ್ಮೆ, ಗುರುವಾರ ಹತ್ತೂವರೆಗೆ, ಈ ದಡದ ಜನರನ್ನು ಕರೆದುಕೊಂಡು ಸೇತುವೆ ದಾಟಿಸಿ ಆ ದಡದ ಸಂತೆಗೆ ಬಿಡುವುದು, ಸಂಜೆ ವಾಪಸು ತರುವುದು ಅವರ ಕೆಲಸ. ಅವರು ಮುಂದೆ, ಜನ ಹಿಂದೆ.

ಆದರೆ ಬಂದ ಮೊದಲ ತಿಂಗಳಲ್ಲೇ ಅವರಿಗೆ ಎರಡು ಪೆಟ್ಟು ಬಿತ್ತು. ಒಪ್ಪಂದವಾದ ಮೇಲೂ ಅಲ್ಲೊಂದು ಇಲ್ಲೊಂದು ಗುಂಡು ಹಾರುತ್ತಲೇ ಇತ್ತು. ಒಬ್ಬ ನಿನ್ನೆಯ ಗುಂಡಿನ ಸದ್ದಿಗೆ ಬೆದರಿ ಸೇತುವೆಯಿಂದ ಹಾರಿ ಕಾಲು ಮುರಿದುಕೊಂಡ. ಅದಾಗಿ ವಾರಕ್ಕೆ ಇನ್ನೊಬ್ಬ, ‘ಇದೂ ನಿನ್ನೆಯದೇ’ ಎಂದುಕೊಂಡು ನಿಂತೇ ಇದ್ದ. ಅದು ಇವತ್ತಿನದಾಗಿತ್ತು. ಗುಂಡು ಭುಜ ಹೊಕ್ಕು ಹೊರಗೆ ಬಂತು, ಪುಣ್ಯಕ್ಕೆ ಜೀವ ಉಳಿಯಿತು.

ಆಗ ಅವರ ಕ್ಯಾಪ್ಟನ್ ನನ್ನ ಅಂಗಡಿಗೆ ಬಂದಳು. ಹೆಸರು ಅಬೆನಾ. ಕೋಕೋ ಬೆಳೆಯುವ ನಾಡಿನವಳು, ನನಗಿಂತ ಒಂದು ಮೊಳ ಎತ್ತರ. ಬರುವ ಮೊದಲೇ ಪುಸ್ತಕ ಇಟ್ಟುಕೊಂಡು ನಮ್ಮ ಭಾಷೆ ಕಲಿತಿದ್ದಳು. ಅದೂ ಎಂಥ ಪುಸ್ತಕವೋ, ಅವಳು ಬಾಯಿ ತೆರೆದರೆ ಕೋರ್ಟಿನ ಕಾಗದ ಓದಿದ ಹಾಗೆ ಇರುತ್ತಿತ್ತು.

“ಬನಶಂಕರಿಯವರೇ, ತಾವು ನಿನ್ನಿನ ಶಬ್ದವನ್ನೂ ಇಂದಿನ ಶಬ್ದವನ್ನೂ ಬೇರ್ಪಡಿಸಬಲ್ಲಿರೆಂದು ಕೇಳಲ್ಪಟ್ಟಿದ್ದೇನೆ. ಸದರಿ ವಿಷಯವು ನಿಜವೇ?”

“ಹತ್ತಿರದ್ದಾದರೆ ಊರಲ್ಲಿ ಯಾರು ಬೇಕಾದರೂ ಹೇಳುತ್ತಾರಮ್ಮ,” ಎಂದೆ. “ಇವತ್ತಿನದು ಎದೆಗೂಡಿಗೆ ತಾಗುತ್ತದೆ, ನಿನ್ನೆಯದು ಬರೀ ಕಿವಿಗೆ. ಹೊಳೆ ಆಚೆಯ ಗುಂಡನ್ನು ಹೇಳುವುದು ಕಷ್ಟ. ಅದನ್ನು ನಾನು ಹೇಳಬಲ್ಲೆ.”

“ತಪ್ಪಿದಲ್ಲಿ?”

“ತಪ್ಪುವುದಿಲ್ಲ. ನಿನ್ನೆಯದೂ ಇವತ್ತಿನದೂ ಒಂದರ ಮೇಲೊಂದು ಬಿದ್ದರೆ ಮಾತ್ರ ಗೊತ್ತಾಗುವುದಿಲ್ಲ. ಹಾಗೆ ಬೀಳುವುದು ಎಷ್ಟು ವರ್ಷಕ್ಕೊಮ್ಮೆ?”

ಮಾರನೇ ದಿನದಿಂದ ಚೌಕಿಯಲ್ಲಿ ನನಗೊಂದು ಕುರ್ಚಿ ಹಾಕಿದರು. ಗುಂಡು ಕೇಳಿಸಿದರೆ ನಿನ್ನೆಯದಕ್ಕೆ ಕೈ ಮಡಚುವುದು, ಇವತ್ತಿನದಕ್ಕೆ ಕೈ ಎತ್ತುವುದು. ನಾನು ಕೈ ಎತ್ತಿದ ಕೂಡಲೇ ಮೂವತ್ತಾರೂ ಜನ ನೆಲ ಕಚ್ಚುತ್ತಿದ್ದರು. ಸೈನಿಕರ ಪೈಕಿ ಸಾರ್ಜೆಂಟ್ ತೋಮಾಸ್ ನನಗೆ ಹೆಚ್ಚು ಹತ್ತಿರವಾದ. ನಲವತ್ತೈದರ ಆಸುಪಾಸಿನ ಗಟ್ಟಿ ಆಳು, ದಪ್ಪ ಮೀಸೆ, ಬಿಡುವಾದಾಗಲೆಲ್ಲ ಎಲ್ಲರ ಅಂಗಿಯ ಗುಂಡಿ ಹೊಲಿಯುತ್ತ ಕೂರುವವನು. ಗುರುವಾರದ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನೂ ಅವನೇ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಆದರೂ ಅವನ ಮೂರು ಹೆಣ್ಣುಮಕ್ಕಳ ಮದುವೆಯ ಚಿಂತೆಯೆಲ್ಲ ನನಗೆ ಗೊತ್ತಾಗಿತ್ತು. ಎಂಟು ತಿಂಗಳಲ್ಲಿ ಒಬ್ಬರಿಗೂ ಒಂದು ಗೀರು ಗಾಯವಾಗಲಿಲ್ಲ.

ಊರಲ್ಲಿ ಕೆಲವರು ನನಗೆ ‘ಪರದೇಶಿಯರ ಕಿವಿ’ ಎಂದು ಹೆಸರಿಟ್ಟರು. ಎದುರಿಗೇ ಅಂದವರಿಗೆ ನಾನು ಎದುರಿಗೇ ಹೇಳಿದೆ: “ನಮ್ಮ ಜಗಳದಲ್ಲಿ ಅವರಿಗೆ ಪಾಲಿಲ್ಲ. ಪಾಲಿಲ್ಲದವರು ನಮ್ಮ ಊರಲ್ಲಿ ಪೆಟ್ಟು ತಿಂದರೆ ಮಾನ ಯಾರದು ಹೋಗುತ್ತದೆ? ಬೇಕಾದರೆ ನಾಳೆ ಇದೇ ಹೊತ್ತಿಗೆ ಬಂದು ಇನ್ನೊಂದು ಸಲ ಕೇಳಿಸಿಕೊಂಡು ಹೋಗು.”

ನಾನು ಹೀಗೆ ಹೇಳಲಾಗದೆ ಉಳಿದದ್ದು ಒಬ್ಬನಿಗೇ, ನನ್ನ ಮೈದುನ ಅಯ್ಯಣ್ಣನಿಗೆ.

ಅಯ್ಯಣ್ಣ ನನ್ನ ಗಂಡನ ತಮ್ಮ. ಅವನ ಹೆಂಡತಿ ಹೆರಿಗೆಯಲ್ಲೇ ಹೋದಳು. ಉಳಿದ ಕೂಸು ಕೊಟ್ರೇಶನನ್ನು ಸಾಕಿದವಳು ನಾನು. ನನ್ನ ಕಿವಿಯ ವಿದ್ಯೆಯನ್ನು ನಾನು ಕಲಿಸಿದ್ದೂ ಅವನೊಬ್ಬನಿಗೆ. ಹೊಡೆದಾಟದ ಮೂರನೇ ವರ್ಷ ಕೊಟ್ರೇಶನಿಗೆ ಇಪ್ಪತ್ತೆರಡು. ಸೇತುವೆಯ ಈ ತುದಿಯ ಕಾವಲಿಗೆ ನಿಂತಿದ್ದ. ಒಂದು ಮಧ್ಯಾಹ್ನ ಸೇತುವೆಯ ನಡುವೆ ಆ ದಡದ ಗುಂಡು ತಗುಲಿ ಬಿದ್ದ. ಕಾವಲಿನವನು ಸೇತುವೆಯ ನಡುವಿನವರೆಗೆ ಯಾಕೆ ಹೋದ ಎಂದು ಯಾರಿಗೂ ಗೊತ್ತಿರಲಿಲ್ಲ. ಮಾರನೇ ದಿನ ಅವನ ಕೊನೆಯ ಮಾತು ಕೇಳಬೇಕಲ್ಲ. ಅಯ್ಯಣ್ಣ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದ. ಗುಂಡು ಹಾರುತ್ತಿದ್ದ ಆ ಸೇತುವೆಗೆ ಬೇರೆ ಯಾರು ಬರುತ್ತಾರೆ? ನಾನೊಬ್ಬಳೇ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಕಂಬದ ಹಿಂದೆ ಕೂತು ಕೇಳಿಸಿಕೊಂಡು ಬಂದೆ. ಅಯ್ಯಣ್ಣ ಕಣ್ಣು ಬಿಟ್ಟು, “ಏನಂದ ಅತ್ತಿಗೆ?” ಎಂದ. “ಅಪ್ಪಾ ಅಂದ,” ಎಂದೆ ನಾನು.

ಆ ಒಂದು ಮಾತನ್ನು ಅವನು ಎದೆಯೊಳಗೆ ಇಟ್ಟುಕೊಂಡ. ಆಮೇಲಿನ ನಾಲ್ಕು ವರ್ಷ ಅವನು ಹೊಡೆದಾಡಿದ್ದು ಆ ಮಾತಿಗಾಗಿ. ಒಪ್ಪಂದವಾದಾಗ ಎಲ್ಲರೂ ಬಂದೂಕು ಕೊಟ್ಟು ಮನೆಗೆ ಹೋದರು. ಅವನು ಮಾತ್ರ ಕೊಟ್ಟಂತೆ ಮಾಡಿದ.

ನಾನು ಹೇಳಹೊರಟಿರುವುದು ಒಂದು ಬುಧವಾರ ಶುರುವಾಯಿತು. ಬೆಳಿಗ್ಗೆ ಹತ್ತೂವರೆ. ನಮ್ಮ ಕಡೆಯ ಹೊಳೆ ದಂಡೆಯ ಮೇಲೆ, ಸೇತುವೆಗೆ ಎದುರಾಗಿ, ಮುಚ್ಚಿಹೋದ ಎಣ್ಣೆ ಗಿರಣಿಯೊಂದಿದೆ. ಅಲ್ಲಿಂದ ಏಳು ಗುಂಡು ಹಾರಿದವು. ನಾನು ಕೈ ಎತ್ತಿದೆ, ಎಲ್ಲರೂ ಮಲಗಿದರು. ಯಾರಿಗೂ ಏನೂ ಆಗಲಿಲ್ಲ. ಸೈನಿಕರು ಗಿರಣಿಗೆ ಹೋದರೆ ಅಯ್ಯಣ್ಣ ತಾನಾಗಿಯೇ ಹೊರಗೆ ಬಂದನಂತೆ. ಕೈಯಲ್ಲಿ ಹಳೆಯ ನಾಡಬಂದೂಕು. “ಕೋತಿ ಕಾಟ ಸ್ವಾಮಿ, ಗಾಳಿಗೆ ಹೊಡೆದೆ,” ಎಂದು ಹೇಳಿ ಬಂದೂಕನ್ನು ಅವರ ಕೈಗೇ ಕೊಟ್ಟನಂತೆ. ಕ್ಯಾಪ್ಟನ್ ಅದನ್ನು ವಶಕ್ಕೆ ತೆಗೆದುಕೊಂಡು ಎಚ್ಚರಿಕೆ ಬರೆದು ಕಳಿಸಿದಳು.

ನನಗೆ ಸಮಾಧಾನವಾಗಲಿಲ್ಲ. ನಾಡಬಂದೂಕಿಗೆ ಒಂದೊಂದು ಸಲವೂ ಮದ್ದು ತುಂಬಿ ಗಜ ಹಾಕಿ ಜಡಿಯಬೇಕು. ನಾನು ಕೇಳಿದ ಏಳು ಸದ್ದಿನ ನಡುವೆ ಉಗುಳು ನುಂಗುವಷ್ಟೂ ಬಿಡುವಿರಲಿಲ್ಲ. ಆ ಸದ್ದು ನಾಡಬಂದೂಕಿನದಲ್ಲ ಎಂದು ಕ್ಯಾಪ್ಟನ್‌ಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮೈದುನ ಎನ್ನುವ ಮೋಹ.

ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಅಂಗಡಿಗೆ ಬಂದ. ಒಂದು ಬಟ್ಟಲು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತ ನಿಂತ.

“ಅತ್ತಿಗೆ, ನಿನ್ನ ಮುಖ ಬಾಡಿದೆ. ಜ್ವರ ಬಂದ ಹಾಗಿದೆ.”

“ನನಗೆಲ್ಲಿಯ ಜ್ವರ? ಗುಂಡುಕಲ್ಲಿನ ಹಾಗಿದ್ದೀನಿ.”

“ಇಲ್ಲ, ಬಂದಿದೆ. ನಾಳೆ ಮನೇಲೇ ಇರು. ಚೌಕಿಗೆ ಹೋಗಬೇಡ.” ಬಟ್ಟಲನ್ನು ಕೆಳಗಿಟ್ಟ. “ಅಣ್ಣ ಇದ್ದಿದ್ದರೆ ಅವನೂ ಇದೇ ಹೇಳುತ್ತಿದ್ದ.”

ಹೊರಟುಹೋದ. ನಾನು ಆ ಬಟ್ಟಲನ್ನೇ ನೋಡುತ್ತ ಕೂತೆ. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಇವತ್ತು ಹತ್ತೂವರೆಗೆ ಏಳು ಗುಂಡು. ಅಂದರೆ ನಾಳೆ ಹತ್ತೂವರೆಗೆ ಗಿರಣಿಯಿಂದ ಅದೇ ಏಳು ಸದ್ದು ಬರುತ್ತದೆ. ನಾಳೆ ಗುರುವಾರ. ಹತ್ತೂವರೆಗೆ ತೋಮಾಸ್ ಸೇತುವೆಯ ಮೇಲಿರುತ್ತಾನೆ, ಹಿಂದೆ ಗಾಡಿ, ಅದರ ಹಿಂದೆ ಜನ. ಸದ್ದು ಕೇಳಿದರೆ ಇಡೀ ಊರು ‘ಅದು ನಿನ್ನೆಯದು, ಕೋತಿಗೆ ಹೊಡೆದದ್ದು’ ಎನ್ನುತ್ತದೆ. ಅದರ ಮೇಲೆಯೇ ಇವತ್ತಿನ ಗುಂಡು ಬಿದ್ದರೆ ನನಗೂ ತಿಳಿಯುವುದಿಲ್ಲ. ಚೌಕಿಯಲ್ಲಿ ಕೂತು ನಾನು ಕೈ ಮಡಚುತ್ತೇನೆ. ಅವರು ನನ್ನ ಕೈ ನಂಬಿ ನೆಟ್ಟಗೆ ನಡೆಯುತ್ತಾರೆ, ನೆಟ್ಟಗೆ ನಡೆದು ಸಾಯುತ್ತಾರೆ. ಎರಡು ಹೆಣ ಬಿದ್ದರೆ ಸಾಕು, ನೀಲಿ ಟೊಪ್ಪಿಯವರು ಊರು ಬಿಡುತ್ತಾರೆ, ಮಾರನೇ ದಿನವೇ ಮತ್ತೆ ಹೊಡೆದಾಟ. ಒಂದರ ಮೇಲೊಂದು ಬಿದ್ದರೆ ನನಗೆ ಗೊತ್ತಾಗುವುದಿಲ್ಲ ಎಂದು ತಿಳಿದವರು ಊರಲ್ಲಿ ಇಬ್ಬರೇ, ಒಬ್ಬಳು ಕ್ಯಾಪ್ಟನ್, ಇನ್ನೊಬ್ಬ ಮೂವತ್ತು ವರ್ಷ ನಮ್ಮ ಮನೆಯಲ್ಲೇ ಕಂಚು ಕಾಯಿಸಿದ ಅಯ್ಯಣ್ಣ.

ಕದ ಹಾಕಿ ನೇರ ಶಿಬಿರಕ್ಕೆ ಹೋದೆ. ಹಿಂದೆ ಮುಂದೆ ನೋಡಲಿಲ್ಲ. ಅಯ್ಯಣ್ಣ ನನ್ನವನು, ಸರಿ. ಆದರೆ ನನ್ನ ಕೈಯನ್ನು ನಂಬಿಕೊಂಡು ನಡೆಯುವವರಿಗೆ ನಾನು ಮೋಸ ಮಾಡಿದರೆ ಆ ಕೈಯನ್ನು ಇಟ್ಟುಕೊಂಡು ಮಾಡುವುದೇನು?

ಕ್ಯಾಪ್ಟನ್ ಎಲ್ಲವನ್ನೂ ಕೇಳಿಸಿಕೊಂಡಳು. “ಈ ರಾತ್ರಿಯೇ ಅವನನ್ನು ಬಂಧಿಸತಕ್ಕದ್ದು,” ಎಂದಳು.

“ಬಂಧಿಸಲು ಹೋದರೆ ಅವನು ಗುಂಡು ಹಾರಿಸುತ್ತಾನೆ. ನಿಮ್ಮವರಲ್ಲಿ ಒಬ್ಬ ಸಾಯುತ್ತಾನೆ, ಅವನೂ ಸಾಯುತ್ತಾನೆ. ಊರು ಎರಡು ಹೆಣ ನೋಡುತ್ತದೆ. ಅವನಿಗೆ ಬೇಕಾದದ್ದೂ ಅದೇ.”

“ಹಾಗಾದರೆ ಸಂತೆಯನ್ನು ರದ್ದುಪಡಿಸುತ್ತೇನೆ.”

“ಮುಂದಿನ ವಾರ ಅವನು ಬೇರೆ ಗಿರಣಿ ಹುಡುಕುತ್ತಾನಮ್ಮ. ಹೀಗೆ ಮಾಡಿ. ನಾಳೆ ನಿಮ್ಮವರು ಎಂದಿನ ಹಾಗೇ ಹೊರಡಲಿ, ಆದರೆ ಸೇತುವೆಯ ಬಾಯಿಯಲ್ಲಿರುವ ಕಲ್ಲುಗೋಡೆಯ ಹಿಂದೆ ನಿಲ್ಲಲಿ. ನಿನ್ನೆಯ ಏಳು ಸದ್ದು ಮುಗಿಯುವ ತನಕ ಒಬ್ಬರೂ ಸೇತುವೆಗೆ ಕಾಲಿಡಬಾರದು. ಆ ಸದ್ದು ಮುಗಿದ ಮೇಲೆ ಅವನಿಗೆ ಮರೆ ಇಲ್ಲ. ಅಷ್ಟರಲ್ಲಿ ನಾನು ಗಿರಣಿಯಲ್ಲಿರುತ್ತೇನೆ.”

ಅವಳು ಎದ್ದು ನಿಂತಳು. “ಇದು ಅಸಾಧ್ಯ. ತಾವು ನನ್ನ ರಕ್ಷಣೆಯಲ್ಲಿರುವವರು.”

“ಎಂಟು ತಿಂಗಳಿಂದ ಆ ಕುರ್ಚಿಯಲ್ಲಿ ಕೂತಿರುವವಳು ಯಾರು? ನೀವು ನನ್ನ ರಕ್ಷಣೆಯಲ್ಲಿದ್ದೀರಿ,” ಎಂದೆ. “ನಾನು ಅಪ್ಪಣೆ ಕೇಳಲು ಬಂದಿಲ್ಲ, ಹೇಳಿ ಹೋಗಲು ಬಂದೆ. ಅವನನ್ನು ಎತ್ತಿ ಆಡಿಸಿದವಳಲ್ಲ ನಾನು, ಆದರೆ ಅವನ ಮಗನನ್ನು ಆಡಿಸಿದ್ದೇನೆ. ನನ್ನ ಮೇಲೆ ಅವನು ಬಂದೂಕು ಎತ್ತುವುದಿಲ್ಲ.”

ಬಹಳ ವಾದ ಆಯಿತು. ಕೊನೆಗೆ ಅವಳು ಒಂದು ಷರತ್ತು ಹಾಕಿದಳು. ಗಿರಣಿಯ ಮೂಲೆಯ ತನಕ ತೋಮಾಸ್ ನನ್ನ ಜೊತೆ ಬರುತ್ತಾನೆ, ಅಲ್ಲೇ ಗೋಡೆಗೆ ಆತು ನಿಂತಿರುತ್ತಾನೆ, ನಾನು ಕೂಗಿದರೆ ಒಳಗೆ ನುಗ್ಗುತ್ತಾನೆ. ಮುಂದೆ ನಡೆಯುವ ಜಾಗದಲ್ಲಿ ಕ್ಯಾಪ್ಟನ್ ತಾನೇ ನಿಲ್ಲುತ್ತಾಳೆ. ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಗಿರಣಿಯ ಹಿಂಬಾಗಿಲಿಂದ ಒಳಗೆ ಹೋದೆ. ಹಿಂಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಲಿನ ಅಟ್ಟದ ಕಿಟಕಿಯ ಬಳಿ ಅಯ್ಯಣ್ಣ ಗೋಣಿಚೀಲದ ಮೇಲೆ ಮೊಣಕಾಲೂರಿ ಕೂತಿದ್ದ. ಕಿಟಕಿಯ ಕಟ್ಟೆಯ ಮೇಲೆ ಉದ್ದದ ಬಂದೂಕು. ಹೆಜ್ಜೆ ಸದ್ದಿಗೆ ತಿರುಗಿದ. ನನ್ನನ್ನು ನೋಡಿ ಅವನ ಮುಖ ಬೂದಿಯಾಯಿತು.

“ಮನೇಲಿ ಇರು ಅಂದಿದ್ದೆ.”

“ಜ್ವರ ಬಿಟ್ಟಿತು, ಬಂದೆ.” ಒಂದು ಎಣ್ಣೆ ಡಬ್ಬವನ್ನು ಬೋರಲು ಹಾಕಿಕೊಂಡು ಅವನ ಪಕ್ಕದಲ್ಲೇ ಕೂತೆ. ಕಿಟಕಿಯಿಂದ ಸೇತುವೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಗೋಡೆಯ ಹಿಂದೆ ನೀಲಿ ಟೊಪ್ಪಿಗಳ ತುದಿ ಕೂಡ ಕಾಣುತ್ತಿರಲಿಲ್ಲ.

“ಇಳಿದು ಹೋಗು ಅತ್ತಿಗೆ. ನಿನ್ನ ಕಾಲು ಹಿಡಿಯುತ್ತೀನಿ.”

“ಹತ್ತೂವರೆ ಆಗಲಿ, ಹೋಗುತ್ತೀನಿ.”

ಅವನಿಗೆ ನನ್ನನ್ನು ಹೊರಗೆ ತಳ್ಳುವ ಶಕ್ತಿ ಇತ್ತು, ತಳ್ಳಲಿಲ್ಲ. ಬಂದೂಕಿನ ಹಿಂದೆ ಕಣ್ಣಿಟ್ಟು ಕೂತ. ಹಾಗೆ ಅರ್ಧ ಗಂಟೆ ಕೂತಿರುವುದು ಎಂದರೆ ಸಣ್ಣ ಮಾತಲ್ಲ. ಹೊರಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು, ಅದರ ಕೆಳಗೆ ನಿನ್ನೆ ಒಗೆದವರ ಸದ್ದು.

ಆಮೇಲೆ ನಮ್ಮಿಬ್ಬರ ನಡುವಿನಿಂದಲೇ ಮೊದಲ ಗುಂಡಿನ ಸದ್ದು ಎದ್ದಿತು. ನಿನ್ನೆಯದು. ಎರಡು, ಮೂರು. ಅವನ ಬೆರಳು ಬಂದೂಕಿನ ಕುದುರೆಯ ಮೇಲೆ ಬಿಗಿಯಾಯಿತು. ನಾಲ್ಕು, ಐದು. ಸೇತುವೆಯ ಮೇಲೆ ನರಪಿಳ್ಳೆ ಇಲ್ಲ. ಆರು. ಏಳು. ಮುಗಿಯಿತು.

ಅವನು ನಿಧಾನವಾಗಿ ನನ್ನ ಕಡೆ ತಿರುಗಿದ.

“ಹೇಳಿಬಿಟ್ಟೆ.”

“ಹೌದು, ಹೇಳಿದೆ.”

“ಆ ಪರದೇಶಿಗಳಿಗಾಗಿ ಮನೆಯವನನ್ನು ಹಿಡಿದುಕೊಟ್ಟೆ. ಕೊಟ್ರೇಶನ ನೆತ್ತರು ಅಷ್ಟು ಬೇಗ ಒಣಗಿತಾ ನಿನಗೆ? ಅವರು ಹೋಗದೆ ಆ ದಡದವರ ಮೇಲೆ ನಾನು ಕೈ ಮಾಡೋದು ಹೇಗೆ? ನನ್ನ ಮಗ ಅಪ್ಪಾ ಅಂತ ಕೂಗಿ ಸತ್ತ. ನೀನೇ ಹೇಳಿದ್ದು.”

“ಸುಳ್ಳು ಹೇಳಿದ್ದೆ,” ಎಂದೆ.

ಇದನ್ನು ಹೇಳುವಾಗ ಮಾತ್ರ ನನ್ನ ದನಿ ನಡುಗಿತು, ಒಪ್ಪಿಕೊಳ್ಳುತ್ತೇನೆ.

“ಅವನು ಅಪ್ಪಾ ಅನ್ನಲಿಲ್ಲ ಅಯ್ಯಣ್ಣ. ಆ ಮಾರನೇ ದಿನ ಕಂಬದ ಹಿಂದೆ ಕೂತು ಕೇಳಿದೆನಲ್ಲ. ಎಲ್ಲಾ ಕಡೆ ಗುಂಡು ಹಾರುತ್ತಿದ್ದವು, ಬೇರೇನೂ ಕೇಳಿಸಲಿಲ್ಲ. ಅವನ ದನಿ ಮಾತ್ರ ಕೇಳಿಸಿತು. ‘ನಿನ್ನೆಯದು, ಬನ್ನಿ,’ ಅಂದ. ಅಷ್ಟೇ ಅವನ ಕೊನೆಯ ಮಾತು. ಇವತ್ತಿನ ಗುಂಡನ್ನು ನಿನ್ನೆಯದು ಅಂದುಕೊಂಡು ಮುಂದೆ ಹೆಜ್ಜೆ ಇಟ್ಟ. ಕಲಿಸಿದವಳು ನಾನು. ಅರ್ಧ ಕಲಿಸಿದ್ದೆನೋ ಏನೋ. ನಿನ್ನ ಮಗ ನನ್ನ ವಿದ್ಯೆಯನ್ನು ನಂಬಿ ಸತ್ತ ಅಂತ ನಿನಗೆ ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಅಪ್ಪಾ ಅಂದ ಅಂದೆ. ನಾನು ಹೇಳಿದ ಸುಳ್ಳಿಗೆ ನೀನು ನಾಲ್ಕು ವರ್ಷ ಬಂದೂಕು ಹಿಡಿದೆ.”

ಅವನು ಕಿಟಕಿಯಾಚೆ ಸೇತುವೆಯ ನಡುವನ್ನೇ ನೋಡಿದ.

“ಇವತ್ತು ನೀನು ಅದೇ ಮಾಡಹೊರಟಿದ್ದೆ. ತೋಮಾಸ್ ಅನ್ನುವವನಿದ್ದಾನೆ, ಮೂರು ಹೆಣ್ಣುಮಕ್ಕಳ ತಂದೆ. ನನ್ನ ಕೈ ನೋಡಿ ಅವನೂ ‘ನಿನ್ನೆಯದು, ಬನ್ನಿ’ ಅಂತ ಹಿಂದಿನವರಿಗೆ ಹೇಳಿ ಹೆಜ್ಜೆ ಇಡುತ್ತಿದ್ದ. ಇನ್ನೊಂದು ಸಲ ನನ್ನ ವಿದ್ಯೆ ಹೆಣ ಬೀಳಿಸುತ್ತಿತ್ತು. ಅದಕ್ಕೇ ಹೇಳಿದೆ. ಬೇಕಾದರೆ ಮೊದಲ ಗುಂಡು ನನಗೇ ಹೊಡಿ, ಪಾಲಿಲ್ಲದವರಿಗೆ ಹೊಡೆಯಬೇಡ.”

ಬಂದೂಕು ಕಟ್ಟೆಯ ಮೇಲೇ ಇತ್ತು. ಅವನು ಅದನ್ನು ಬಿಟ್ಟು ಗೋಡೆಗೆ ಒರಗಿ ಕೂತ. ಆಮೇಲೆ ಕೇಳಿದ.

“ಬನ್ನಿ ಅಂದನೋ, ಬರ್ರೋ ಅಂದನೋ?”

“ಬನ್ನಿ ಅಂದ.”

“ಸರಿಯಾಗಿ ನೆನಪು ಮಾಡಿಕೋ.”

“ಅಯ್ಯಣ್ಣ, ಮರೆಯಲು ಅದೇನು ಬೇರೆಯವರ ಮಗನ ಮಾತಾ? ಬನ್ನಿ ಅಂದ.”

“ಗೆಳೆಯರಿಗೆ ಅವನು ಒಂದು ದಿನವೂ ಬನ್ನಿ ಅಂದವನಲ್ಲ,” ಎಂದ ಅಯ್ಯಣ್ಣ. “ಬರ್ರೋ ಅನ್ನುತ್ತಿದ್ದ. ಸೇತುವೆ ಮೇಲೆ ಅವನು ಬನ್ನಿ ಅಂದದ್ದು ಯಾರಿಗೆ?”

ಇಷ್ಟು ವರ್ಷವೂ ಆ ಮಾತು ನನ್ನ ಕಿವಿಯಲ್ಲಿ ಇತ್ತು, ಆದರೆ ಅದರಲ್ಲಿದ್ದ ಈ ಸಣ್ಣ ಒಡಕು ನನಗೆ ಕೇಳಿಸಿರಲಿಲ್ಲ. ತಂದೆಗೆ ಕೇಳಿಸಿತು.

“ಯಾವ ದನಿಯಲ್ಲಿ ಅಂದ?” ಎಂದ ಮತ್ತೆ. “ಹೆದರಿದ್ದನಾ?”

“ಇಲ್ಲ. ನನಗೇನೂ ಆಗುವುದಿಲ್ಲ ಎನ್ನುವವರ ದನಿ. ಹಿಂದೆ ಇದ್ದವರಿಗೆ ಧೈರ್ಯ ಹೇಳುವ ದನಿ.”

ಆಗ ಅವನು ಬಂದೂಕನ್ನು ಎತ್ತಿ, ಗುಂಡುಗಳನ್ನು ಒಂದೊಂದಾಗಿ ತೆಗೆದು ನನ್ನ ಮಡಿಲಿಗೆ ಹಾಕಿದ. ಇಬ್ಬರೂ ಏಣಿ ಇಳಿದೆವು. ಮೂಲೆಯಲ್ಲಿ ತೋಮಾಸ್ ಗೋಡೆಗೆ ಆತು ನಿಂತಿದ್ದ, ಹಣೆಯ ಮೇಲೆಲ್ಲ ಬೆವರು. ಅಯ್ಯಣ್ಣ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟ. ಹತ್ತೂ ಮುಕ್ಕಾಲಿಗೆ ಸೇತುವೆಯ ಮೇಲೆ ಕ್ಯಾಪ್ಟನ್ ಮೊದಲ ಹೆಜ್ಜೆ ಇಟ್ಟಳು. ಹಿಂದೆ ಜನ ಬುಟ್ಟಿ ಹೊತ್ತು ಸಂತೆಗೆ ನಡೆದರು.

ಅಯ್ಯಣ್ಣನನ್ನು ಶಿಬಿರದ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಸುದ್ದಿ ಸಂಜೆಗೆ ಎರಡೂ ದಡಕ್ಕೆ ಹಬ್ಬಿತು. ನಮ್ಮೂರಲ್ಲಿ ಇಂಥದ್ದು ನಡೆದರೆ ಜನ ನಮ್ಮ ಬಾಯಿಂದ ಕೇಳಲು ಬರುವುದಿಲ್ಲ, ಮಾರನೇ ದಿನ ನಡೆದ ಜಾಗಕ್ಕೇ ಹೋಗುತ್ತಾರೆ. ಶುಕ್ರವಾರ ಬೆಳಿಗ್ಗೆ ಗಿರಣಿಯ ಒಳಗೆ, ಅಂಗಳದಲ್ಲಿ, ಏಣಿಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆ ದಡದವರನ್ನೂ ಕ್ಯಾಪ್ಟನ್ ತಾನೇ ಸೇತುವೆ ದಾಟಿಸಿ ಕರೆತಂದಳು. ತಾನೂ ಕೇಳಬೇಕು ಎಂದು ಅಯ್ಯಣ್ಣ ಕೇಳಿಕೊಂಡಿದ್ದ. ತೋಮಾಸ್ ಅವನ ತೋಳು ಹಿಡಿದು ಕರೆದುಕೊಂಡು ಬಂದ.

ಹತ್ತೂವರೆ ಆಯಿತು. ಗುಂಡಿನ ಸದ್ದು ಬರಲಿಲ್ಲ, ಅದರ ಎರಡು ಸಲ ಮುಗಿದಿತ್ತು. ಅಟ್ಟದ ಮೇಲಿಂದ ಅಯ್ಯಣ್ಣನ ದನಿ ಬಂತು: ಹೇಳಿಬಿಟ್ಟೆ. ಆಮೇಲೆ ನನ್ನದು. ನಾನು ತಲೆ ತಗ್ಗಿಸಲಿಲ್ಲ. ನನ್ನ ಸುಳ್ಳು ನನ್ನ ದನಿಯಲ್ಲೇ ಇನ್ನೂರು ಜನರ ಮುಂದೆ ಬಿಚ್ಚಿಕೊಂಡಿತು. ಬಿಚ್ಚಿಕೊಳ್ಳಲಿ ಎಂದೇ ಹೇಳಿದ್ದೆ. ‘ನಿನ್ನೆಯದು, ಬನ್ನಿ’ ಎಂಬ ಮಾತು ಬಂದಾಗ ಆ ದಡದವರ ಗುಂಪಿನಲ್ಲಿ ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಅಯ್ಯಣ್ಣನ ‘ಸೇತುವೆ ಮೇಲೆ ಅವನು ಬನ್ನಿ ಅಂದದ್ದು ಯಾರಿಗೆ?’ ಎಂಬ ಪ್ರಶ್ನೆ ಕೇಳಿಸಿದ್ದೇ ತಡ, ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು.

“ನನಗೆ,” ಎಂದಳು. “ನನಗೆ, ನಮ್ಮ ಅವ್ವನಿಗೆ, ನನ್ನ ನಾದಿನಿಗೆ.”

ಅವಳ ಹೆಸರು ಸಾವಂತ್ರವ್ವ. ತಂಗಿಯ ಬಾಣಂತನಕ್ಕೆಂದು ಈ ದಡಕ್ಕೆ ಬಂದು, ಹೊಡೆದಾಟ ಜೋರಾಗಿ, ಮೂರು ದಿನ ಮೂವರೂ ಹಿತ್ತಿಲಿನಲ್ಲಿ ಅಡಗಿದ್ದರಂತೆ. ನಾಲ್ಕನೇ ದಿನ ಸೇತುವೆಗೆ ಬಂದು ಕಾವಲಿನವನ ಮುಂದೆ ಕೈ ಮುಗಿದರಂತೆ.

“ಬೈದು ಓಡಿಸುತ್ತಾನೆ ಅಂದುಕೊಂಡಿದ್ದೆವು,” ಎಂದಳು. “‘ನಮ್ಮವರು ಊಟಕ್ಕೆ ಹೋಗಿದ್ದಾರೆ, ಬೇಗ ನಡೀರಿ, ನಾನು ಮುಂದೆ ಇರುತ್ತೀನಿ,’ ಅಂದ. ನಡುವಿಗೆ ಬಂದಾಗ ಗುಂಡು ಕೇಳಿಸಿತು. ನಾವು ನಿಂತುಬಿಟ್ಟೆವು. ‘ನಿನ್ನೆಯದು, ಬನ್ನಿ,’ ಅಂತ ನಮ್ಮ ಅವ್ವನ ಕೈ ಹಿಡಿದ. ಅವನು ಬಿದ್ದ ಮೇಲೆ ನಾವು ಮುಂದಕ್ಕೇ ಓಡಿದೆವು. ನಮ್ಮ ಸೀರೆ ಕಂಡು ನಮ್ಮ ಕಡೆಯವರು ಗುಂಡು ನಿಲ್ಲಿಸಿದರು. ಅವನ ಹೆಸರೂ ಗೊತ್ತಿರಲಿಲ್ಲ ಅಣ್ಣ. ನಮ್ಮ ದಡದಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಕಾಲವೂ ಆಗಿರಲಿಲ್ಲ.”

ಇಷ್ಟು ಹೇಳಿ ಅವಳು ಅಯ್ಯಣ್ಣನ ಕಾಲು ಮುಟ್ಟಲು ಬಾಗಿದಳು. ಅವನು ಹಿಂದೆ ಸರಿದು, “ಬೇಡ ತಾಯಿ, ಬೇಡ,” ಎಂದ.

ಮುಂದೆ ಎರಡೂ ದಡದ ಹಿರಿಯರು ಕೂತು ಅವನಿಗೆ ಒಂದು ವರ್ಷದ ಬಂಧನ ವಿಧಿಸಿದರು, ಅವನು ಒಂದು ದಿನವನ್ನೂ ಕಮ್ಮಿ ಮಾಡಿ ಎಂದು ಕೇಳಲಿಲ್ಲ. ಆ ದಡದಿಂದ ಇಬ್ಬರು, ಈ ದಡದಿಂದ ಇಬ್ಬರು ನನ್ನ ಹತ್ತಿರ ಕಿವಿ ಪಳಗಿಸಿಕೊಂಡು ಚೌಕಿಯಲ್ಲಿ ಸರದಿಯ ಮೇಲೆ ಕೂರತೊಡಗಿದರು. ಈ ಸಲ ನಾನು ಅರ್ಧ ಕಲಿಸಲಿಲ್ಲ. ‘ಸಂಶಯ ಬಂದರೆ ಕೈ ಎತ್ತು, ಮಲಗಿ ಎದ್ದವನಿಗೆ ಮೈ ಕೊಳೆಯಾಗುತ್ತದೆ ಅಷ್ಟೇ,’ ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟೆ. ಶಾಂತಿಪಡೆ ಇನ್ನೂ ಎರಡು ವರ್ಷ ಇತ್ತು. ಬಂದ ಮೂವತ್ತಾರು ಜನರೂ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದರು. ಕಾಲು ಮುರಿದುಕೊಂಡವನೂ ಕುಂಟುತ್ತ ನಡೆದೇ ಹೋದ. ಇವೆಲ್ಲ ಆಮೇಲಿನ ಮಾತು.

ಆ ಶುಕ್ರವಾರ ಜನ ಚದುರಿದ ಮೇಲೆ ಗಿರಣಿಯ ಅಂಗಳದಲ್ಲಿ ನಾವು ನಾಲ್ಕೇ ಜನ ಉಳಿದೆವು. ಅಯ್ಯಣ್ಣ ತನ್ನ ತೋಳು ಹಿಡಿದಿದ್ದ ತೋಮಾಸ್‌ನನ್ನು ಮೊದಲ ಸಲ ಮುಖ ಎತ್ತಿ ನೋಡಿದ. ಏನೋ ಹೇಳಬೇಕಿತ್ತು ಅವನಿಗೆ. ನಮ್ಮ ಗಂಡಸರಿಗೆ ಅಂಥ ಮಾತು ಬರುವುದಿಲ್ಲ.

“ಊಟ ಆಯ್ತಾ?” ಎಂದ.

ಕ್ಯಾಪ್ಟನ್ ಅದನ್ನು ತೋಮಾಸ್‌ಗೆ ಅವರ ಭಾಷೆಯಲ್ಲಿ ಹೇಳಿದಳು. ತೋಮಾಸ್ ಮೀಸೆ ಸವರಿಕೊಂಡು ಇಲ್ಲವೆಂದು ತಲೆಯಾಡಿಸಿದ. ಅಯ್ಯಣ್ಣ ನನ್ನ ಕಡೆ ನೋಡಿದ. ನಾನು ಕ್ಯಾಪ್ಟನ್ ಕಡೆ ನೋಡಿದೆ. ಅವಳು ಗಡಿಯಾರ ನೋಡಿಕೊಂಡು, ಮುಖ ಗಂಟಿಕ್ಕಿ, ಬಹಳ ಯೋಚಿಸಿ ಹೇಳಿದಳು.

“ಬಂದಿಯು ಹನ್ನೆರಡು ಗಂಟೆಯೊಳಗೆ ಹಿಂದಿರುಗತಕ್ಕದ್ದು.”

ಹನ್ನೊಂದೂವರೆಗೆಲ್ಲ ನಮ್ಮ ಮನೆಯಲ್ಲಿ ನಾನು ನಾಲ್ಕು ತಟ್ಟೆ ಹಾಕಿದೆ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ತೋಮಾಸ್ ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ಸುತ್ತ ನೋಡಿದ. ಅಯ್ಯಣ್ಣ ಎದ್ದು ಮಜ್ಜಿಗೆಯ ತಂಬಿಗೆ ತಂದು ಅವನ ಮುಂದೆ ಇಟ್ಟು, ಅವನು ಪೂರ್ತಿ ಕುಡಿದು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದ.